ಅರಿಶಿಣ ಕುಡಿದ ಕಲ್ಲು

ಕಲ್ಲುಕೆಲಸದ ಸತ್ತಾರ್ ಸಾಬ್ ಪಡಸಾಲೆಯ ನಡುವೆ ಕುಕ್ಕರಗಾಲಲ್ಲಿ ಕುಳಿತು ಒದ್ದೆ ಬಟ್ಟೆಯಿಂದ ಆ ಕಲ್ಲನ್ನು ಒರೆಸಿದ್ದೇ ತಡ, ಒಣಗಿದಾಗ ಮಂಕಾಗಿರುತ್ತಿದ್ದ ಹಳದಿ ಮೆಲ್ಲಗೆ ಎದ್ದು ಬಂತು. ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ ತಾಯಣ್ಣ ಅದನ್ನು ನೋಡಲಾರದೆ ಕಿಟಕಿಯ ಕಡೆ ಮುಖ ತಿರುಗಿಸಿದ. ಹೊರಗೆ ಯರಗೇರಾ ರಸ್ತೆಯಲ್ಲಿ ಬಸ್ಸೊಂದು ಧೂಳೆಬ್ಬಿಸುತ್ತ ಹೋಯಿತು. ಧೂಳು ಇಳಿಯುವ ತನಕ ಅದನ್ನೇ ನೋಡುತ್ತ ನಿಂತರೆ ಇಲ್ಲಿಯ ಕೆಲಸ ತಾನಾಗಿ ಮುಗಿದುಹೋದೀತು ಎಂಬ ಹುಚ್ಚು ಆಸೆ ಅವನಿಗೆ. ಸತ್ತಾರ್ ಸಾಬ್ ಬೆರಳಿನ ಗೆಣ್ಣಿನಿಂದ ಕಲ್ಲನ್ನು ಅಲ್ಲಲ್ಲಿ ತಟ್ಟಿ ಕಿವಿಗೊಟ್ಟು ಕೇಳಿದ. ದವಾಖಾನೆಯಲ್ಲಿ ಡಾಕ್ಟರು ಮಗಳು ಸುಜಾತಾಳ ಬೆನ್ನನ್ನು ಹೀಗೇ ತಟ್ಟಿ ನೋಡಿದ್ದರು. ತಟ್ಟಿ ಕೈ ತೊಳೆಯಲು ಹೋಗಿದ್ದರು. ಸತ್ತಾರ್ ಸಾಬ್ ತಲೆಯೆತ್ತಿ, ಇದರ ಮೇಲೆ ಏನು ಚೆಲ್ಲಿತ್ತು ಎಂದು ಕೇಳಿದ. ಹಬ್ಬದಲ್ಲಿ ಎಣ್ಣೆ ಚೆಲ್ಲಿತ್ತು ಎಂದ ತಾಯಣ್ಣ. ಮೊದಲೇ ಬಾಯಿಪಾಠ ಮಾಡಿಟ್ಟುಕೊಂಡಿದ್ದನೇನೋ ಎನ್ನುವಷ್ಟು ಸಲೀಸಾಗಿ ಬಂತು ಸುಳ್ಳು. ಅಡುಗೆಮನೆಯ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದ ಅವನ ಹೆಂಡತಿ ಅಮರಮ್ಮ ಆ ಮಾತು ಕೇಳಿ, ತುಂಬಿದ ಬಸುರಿನ ಭಾರಕ್ಕೆ ಬಾಗಿಲ ಚೌಕಟ್ಟು ಹಿಡಿದುಕೊಂಡು ತಿರುಗಿ, ಒಳಗೆ ಹೋದಳು.

ಬರೀ ಎಣ್ಣೆಯಾಗಿದ್ದರೆ ಇಷ್ಟು ಹಳದಿ ಇಳಿಯುವುದಿಲ್ಲವೆಂದು ಸತ್ತಾರ್ ಸಾಬನಿಗೆ ತಿಳಿಯದೆ ಇರಲಿಕ್ಕಿಲ್ಲ. ಆದರೆ ಅವನು ಕೆದಕಲಿಲ್ಲ. ಊರೆಲ್ಲ ಹಾಸುವ ಶಹಾಬಾದಿ ಫರಸಿಯ ಹಾಗಲ್ಲ ಇದು, ಬಿಳಿ ಕಲ್ಲು ಚೆಲ್ಲಿದ್ದನ್ನೆಲ್ಲ ಕುಡಿಯುತ್ತದೆ ಎಂದ. ಒಂದು ಮೂಲೆಯಲ್ಲಿ ಬೆಂಕಿ ತಾಗಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುವುದನ್ನೂ ಉಗುರಿನಿಂದ ಗೀರಿ ತೋರಿಸಿದ. ಸಾಣೆ ಹಿಡಿದು ತಿಕ್ಕಿದರೆ ಕಲೆ ತೆಳುವಾದೀತು, ಪೂರ್ತಿ ಹೋದೀತೆಂದು ತಾನು ಮಾತು ಕೊಡಲಾರೆ. ತಿಕ್ಕಿದ ಜಾಗ ಒಂದಿಷ್ಟು ತಗ್ಗಾಗುತ್ತದೆ, ಅದೂ ಕಾಲಿಗೆ ತಿಳಿಯುತ್ತದೆ. ಕಿತ್ತು ಬೇರೆ ಕಲ್ಲು ಕೂರಿಸಿದರೆ ಕಲೆಯ ತಂಟೆಯೇ ಇಲ್ಲ. ಆದರೆ ಆಗ ಬಂದ ಕಲ್ಲು ಈಗ ಬರುವುದಿಲ್ಲ, ಬಣ್ಣದಲ್ಲಿ ಹೊಸದು ಹೊಸದಾಗಿಯೇ ಕಾಣುತ್ತದೆ, ಕೀಳುವಾಗ ಅಕ್ಕಪಕ್ಕದವುಗಳ ಅಂಚೂ ಮುರಿಯಬಹುದು. ಇಷ್ಟು ಹೇಳಿ ಅವನು ಬಟ್ಟೆ ಹಿಂಡಿ ಮೊಣಕಾಲ ಮೇಲೆ ಹಾಕಿಕೊಂಡ.

"ತಿಕ್ಕೂದೋ, ಕೀಳೂದೋ? ಅಷ್ಟ ಹೇಳ್ರಿ ಮಾಸ್ತರ, ಈಗ ಕೆಲಸಕ್ಕ ಕುಂದರ್ತೀನಿ."

ಒಂದು ಪದದ ಉತ್ತರ. ಕಾಲೇಜಿನಲ್ಲಿ ಪಾಣಿಪತ್ತಿನ ಯುದ್ಧದ ಮೇಲೆ ಗಂಟೆ ಬಾರಿಸುವವರೆಗೂ ಮಾತಾಡುವ ತಾಯಣ್ಣನಿಗೆ ಆ ಒಂದು ಪದ ಆಯ್ದುಕೊಳ್ಳಲಾಗಲಿಲ್ಲ. ತಿಕ್ಕಿ ಎನ್ನಲು ಹೋದರೆ ಏನನ್ನೋ ಮುಚ್ಚಿಹಾಕುತ್ತಿದ್ದೇನೆ ಅನಿಸುತ್ತಿತ್ತು. ಕೀಳಿರಿ ಎನ್ನಲು ಹೋದರೆ ಮಗಳನ್ನು ಮನೆಯಿಂದ ಎರಡನೆಯ ಸಲ ಹೊರಗೆ ಕಳಿಸಿದ ಹಾಗೆ. ಇದ್ದಂತೆಯೇ ಇರಲಿ ಬಿಡಿ ಎಂದರೂ ಆಗುತ್ತಿತ್ತು. ಆದರೆ ಇದ್ದಂತೆ ಇರಲಿಕ್ಕೆ ಈ ಮನೆಯಲ್ಲಿ ಇನ್ನು ಯಾರಿಗೂ ಆಗುತ್ತಿರಲಿಲ್ಲ. ಮಗಳು ಹೋಗಿ ವರ್ಷವಾಗುತ್ತ ಬಂದರೂ ಅಮರಮ್ಮ ಪಡಸಾಲೆ ದಾಟಿ ಹೊರಗೆ ಹೋದವಳಲ್ಲ. ನೀರು ತರಲಿಕ್ಕೂ ಅಂಗಡಿಗೆ ಹೋಗಲಿಕ್ಕೂ ಹಿತ್ತಿಲ ಬಾಗಿಲೇ ಅವಳಿಗೆ. ಬಂದವರನ್ನು ಅವನು ಹೊರಗಿನ ಕಟ್ಟೆಯ ಮೇಲೇ ಕೂರಿಸಿ ಮಾತಾಡಿಸಿ ಕಳಿಸುತ್ತಿದ್ದ. ಒಳಗೆ ಕರೆಯುವುದಿಲ್ಲವಲ್ಲ, ದೊಡ್ಡವನಾದ ಎಂದು ಅವರು ಅಂದುಕೊಳ್ಳುತ್ತಿದ್ದರೇನೋ. ಅಂದುಕೊಂಡರೆ ಒಳ್ಳೆಯದೇ ಅನಿಸುತ್ತಿತ್ತು.

ಈ ಕಲ್ಲು ಬೇಕೆಂದು ಹಟ ಹಿಡಿದವನು ಅವನೇ. ಮನೆ ಕಟ್ಟುವಾಗ ಎಲ್ಲ ಕೋಣೆಗಳಿಗೂ ಫರಸಿ ಸಾಕೆಂದು ಅಮರಮ್ಮ ಹೇಳಿದ್ದಳು. ಪಡಸಾಲೆಯೊಂದಕ್ಕೆ ಮಾರ್ಬಲ್ಲೇ ಆಗಬೇಕು ಎಂದ. ಯಾಕೆಂದು ಅವಳು ಕೇಳಿದ್ದಕ್ಕೆ ತಂಪು ಎಂದಿದ್ದ. ಆ ಉತ್ತರ ನಿಜವೇ ಆಗಿತ್ತು, ಅವಳಿಗೆ ಪೂರ್ತಿ ತಿಳಿಯದಿದ್ದರೂ. ದೇವದುರ್ಗದಲ್ಲಿ ಅಕ್ಕಿ ಗಿರಣಿಯವರ ಮನೆಗೆ ಅವನ ಅವ್ವ ಗೋಪಮ್ಮ ಕಾಳು ಹಸನು ಮಾಡಲು ಹೋಗುತ್ತಿದ್ದಳು. ಅವಳ ಹಿಂದೆ ಹೋಗಿ ಅಂಗಳದ ಮೂಲೆಯಲ್ಲಿ ಕೂರುತ್ತಿದ್ದ ಅವನು ಒಂದು ಬೇಸಿಗೆಯ ಮಧ್ಯಾಹ್ನ ಅಂಗಳದ ಕಾವಿಗೆ ಕಾಲು ಸುಟ್ಟು, ಯಾರೂ ಇಲ್ಲವೆಂದು, ಬಾಗಿಲ ಮುಂದೆ ಹಾಸಿದ್ದ ಬಿಳಿ ಕಲ್ಲಿನ ಮೇಲೆ ಒಂದು ಪಾದ ಇಟ್ಟಿದ್ದ. ನೀರಿನೊಳಗೆ ಕಾಲಿಟ್ಟ ಹಾಗಾಗಿ ಇನ್ನೊಂದನ್ನೂ ಇಟ್ಟಿದ್ದ. ಆಗ ಹೊರಗೆ ಬಂದ ಯಜಮಾನಿ ವೀರಭದ್ರಮ್ಮ ಬಯ್ಯಲಿಲ್ಲ. ಒಂದು ಕೊಡ ನೀರು ತರಿಸಿ ಕಲ್ಲು ತೊಳೆಸಿದಳು. ಕಲ್ಲು ಒಣಗುವ ತನಕ ನಿಂತಿದ್ದು, ಅವನ ಕೈಗೆ ಮೇಲಿನಿಂದ ಒಂದು ಬೆಲ್ಲದ ತುಂಡು ಹಾಕಿದಳು. ಅವ್ವ ಹೊಡೆದದ್ದು ಮನೆಯ ಹಾದಿಯಲ್ಲಿ, ಹೊಡೆಯುತ್ತ ತಾನೇ ಅತ್ತದ್ದು. ಬೆಲ್ಲವನ್ನು ಅವನು ತಿಂದಿದ್ದ. ತಿಂದೆನಲ್ಲ ಎಂದು ಮುಂದೆ ಎಷ್ಟೋ ವರ್ಷ, ಕಾಲೇಜಿನಲ್ಲಿ, ಧಮ್ಮದೀಕ್ಷೆ ತೆಗೆದುಕೊಂಡ ದಿನ ಬಿಳಿ ಅಂಗಿ ತೊಟ್ಟು ಸಾಲಿನಲ್ಲಿ ನಿಂತಾಗ ಕೂಡ ಅನಿಸಿತ್ತು. ಆದರೆ ಅಂಗಾಲಿಗೆ ನೆನಪಿದ್ದುದು ಬೆಲ್ಲವಲ್ಲ, ಅವಮಾನವೂ ಅಲ್ಲ, ಆ ತಂಪು. ಮನೆ ಒಕ್ಕಲಾದ ದಿನ ಜೊತೆಯ ಅಧ್ಯಾಪಕರೆಲ್ಲ ಬಂದಿದ್ದರು. ಶರಣಯ್ಯ ಮಾಸ್ತರು ನೆಲ ನೋಡಿ, ಇದು ನಮ್ಮ ಮನೆಯಲ್ಲೂ ಇಲ್ಲವಲ್ಲ ತಾಯಣ್ಣ ಎಂದು ನಕ್ಕು, ಇವತ್ತು ಒಪ್ಪತ್ತು ಇದ್ದೇನೆಂದು ನೀರು ಸಹ ಮುಟ್ಟದೆ ಹೋಗಿದ್ದರು. ಆ ಸಂಜೆ ಎಲ್ಲರೂ ಹೋದ ಮೇಲೆ ಸುಜಾತಾ ಅಂಗಿ ಬಿಚ್ಚಿಹಾಕಿ ಕಲ್ಲಿನ ಮೇಲೆ ಬೋರಲು ಮಲಗಿ, ಈ ಕೆನ್ನೆ ತಂಪಾದ ಮೇಲೆ ಆ ಕೆನ್ನೆ ಹಚ್ಚಿದ್ದಳು. ಅವ್ವ ಮಾತ್ರ ಗೋಡೆಯ ಬುಡದಲ್ಲಿ ತನ್ನ ಗೋಣಿತಟ್ಟು ಹಾಸಿಕೊಂಡೇ ಕೂತಿದ್ದಳು. ಕಲ್ಲಿನ ಮೇಲೆ ಕೂರು ಯವ್ವಾ ಎಂದರೆ, ಕೂತರಾಯಿತು ಬಿಡು, ಎಲ್ಲಿ ಹೋಗುತ್ತದೆ ಎಂದಿದ್ದಳು.

ಹೊರಗೆ ಎತ್ತಿನ ಬಂಡಿಯೊಂದು ಕಿರುಗುಟ್ಟುತ್ತ ಹೋಯಿತು. ಸತ್ತಾರ್ ಸಾಬ್ ಬೀಡಿ ಸೇದಲು ಕಟ್ಟೆಗೆ ಎದ್ದುಹೋಗಿದ್ದ. ಒದ್ದೆ ಆರುತ್ತ ಬಂದ ಕಲ್ಲಿನಲ್ಲಿ ಹಳದಿ ಅಂಚಿನಿಂದ ಒಳಗೊಳಗೆ ಸರಿಯುತ್ತಿತ್ತು. ಎಂಬತ್ತಮೂರರ ಬೇಸಿಗೆಯಲ್ಲಿ ಅವನು ಪರೀಕ್ಷೆಯ ಉತ್ತರ ಪತ್ರಿಕೆ ನೋಡಲು ಗುಲಬರ್ಗಾಕ್ಕೆ ಹೋಗಿದ್ದ. ಹೋಗುವಾಗ ಮಗಳ ಮೈ ಒಂದಿಷ್ಟು ಬೆಚ್ಚಗಿತ್ತು. ಆಮೇಲೆ ಮೈತುಂಬ ದಡಾರ ಎದ್ದಿತಂತೆ. ಅವ್ವ, ತಾಯಿ ಬಂದಾಳ, ಸೂಜಿ ಚುಚ್ಚಿಸಬಾರದು ಎಂದಳಂತೆ. ಕೂಸು ಉರಿ ಉರಿ ಎಂದು ಅತ್ತಾಗ ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಜಾಗ ಹುಡುಕಿ ಈ ಕಲ್ಲಿನ ಮೇಲೆ ಬೇವಿನೆಲೆ ಹಾಸಿ ಮಲಗಿಸಿದಳಂತೆ. ಅಮರಮ್ಮ ದವಾಖಾನೆಗೆ ಹೋಗೋಣವೆಂದು ಒಮ್ಮೆ ಅಂದು, ಅತ್ತೆಯ ಮುಖ ನೋಡಿ ಸುಮ್ಮನಾದಳಂತೆ. ಇದೆಲ್ಲ ಅವನು ಆಮೇಲೆ ಕೇಳಿದ್ದು. ಕಂಡದ್ದು ಇಷ್ಟು: ಸುದ್ದಿ ತಿಳಿದು ಬಸ್ಸಿಳಿದು ಓಡುತ್ತ ಮನೆಗೆ ಬಂದಾಗ ಪಡಸಾಲೆಯಲ್ಲಿ ಕರ್ಪೂರದ ಹೊಗೆ, ಮಗಳ ತಲೆಯ ಹತ್ತಿರ ಹಿತ್ತಾಳೆ ತಟ್ಟೆಯಲ್ಲಿ ಎಣ್ಣೆ, ಕಲಸಿದ ಅರಿಶಿಣ, ಉರಿಯುವ ದೀಪ, ಅವ್ವ ಕಣ್ಣು ಮುಚ್ಚಿ ಎಲ್ಲಮ್ಮನ ಹಾಡು ಹೇಳುತ್ತಿದ್ದಾಳೆ. ತನ್ನ ಮನೆಯಲ್ಲಿ, ತಾನು ಬುದ್ಧನ ಪಟ ಹಾಕಿದ ಗೋಡೆಯ ಕೆಳಗೆ. ಅವನ ಕಾಲು ತಟ್ಟೆಯನ್ನು ಒದ್ದಿತು. ಅವನು ಒದ್ದ ಎನ್ನುವುದೇ ಸರಿ. ತಟ್ಟೆ ಗೋಡೆಗೆ ಬಡಿದು ಬಹಳ ಹೊತ್ತು ಸದ್ದು ಮಾಡುತ್ತ ತಿರುಗಿತು. ಎಣ್ಣೆ, ಅರಿಶಿಣ, ಬೆಂಕಿ ಎಲ್ಲ ಕಲ್ಲಿನ ಮೇಲೆ ಹರಿಯಿತು. ಅವ್ವ ಕೈಯಿಂದಲೇ ಬೆಂಕಿಯನ್ನು ಒತ್ತಿ ಆರಿಸಿದಳು. ಅವನು ಮಗಳನ್ನು ಎತ್ತಿಕೊಂಡು ಓಡಿದ. ದವಾಖಾನೆಯಲ್ಲಿ ಮಗು ಒಂದು ಹಗಲು ಏದುಸಿರು ಬಿಟ್ಟು ಉಸಿರು ನಿಲ್ಲಿಸಿತು. ವರಾಂಡದ ಕಂಬಕ್ಕೆ ಒರಗಿ ಕೂತಿದ್ದ ಅವ್ವನ ಎದುರು ನಿಂತು ಅವನು, ಸುತ್ತಲಿನ ಮಂದಿ ಕೇಳುವಂತೆ, ನೀನ ಕೊಂದಿ ಎಂದ. ಅವ್ವ ಬೊಬ್ಬೆಯೆದ್ದ ಅಂಗೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಮಣ್ಣು ಮಾಡಿ ಬಂದ ಮರುದಿನ ಹೇಳದೆ ಕೇಳದೆ ನೀರಮಾನ್ವಿಗೆ, ತನ್ನ ತಂಗಿ ಪಕೀರಮ್ಮನ ಮನೆಗೆ ಹೊರಟುಹೋದಳು.

ಬೀಡಿ ಮುಗಿಸಿ ಬಂದ ಸತ್ತಾರ್ ಸಾಬ್ ಬಾಗಿಲಲ್ಲಿ ಕೆಮ್ಮಿದ. ತಾಯಣ್ಣ ಅವನ ಮುಖ ನೋಡದೆ, "ತಿಕ್ಕಿ ನೋಡ್ರಿ," ಎಂದ. ನಿರ್ಧಾರವೆಂದು ಹೇಳಲಾಗದ ಮಾತು. ತಿಕ್ಕಿದರೆ ಏನೂ ಮುಗಿಯುವುದಿಲ್ಲ, ಮುಂದೆ ಬೇಕಾದರೆ ಕೀಳಬಹುದು. ಯಾವುದನ್ನೂ ಮಾಡದವನು ಏನೋ ಮಾಡಿದ ಹಾಗಾಗುತ್ತದೆ. ಸಾಬ್ ಸಾಣೆಕಲ್ಲು ತೆಗೆದು ನೀರು ಚಿಮುಕಿಸಿ ಮೊದಲ ಸಲ ಎಳೆದಾಗ ಎದ್ದ ಕರಕರ ಸದ್ದು ತಾಯಣ್ಣನ ಹಲ್ಲಿನ ಬುಡಕ್ಕೆ ಇಳಿಯಿತು. ಅಂಗಿ ಹಾಕಿಕೊಂಡು ಹೊರಟವನನ್ನು ಅಮರಮ್ಮ ಹಿತ್ತಿಲ ಬಾಗಿಲಲ್ಲಿ ತಡೆದಳು. ಅವಳ ಹೊಟ್ಟೆ ಕೆಳಕ್ಕೆ ಇಳಿದಿತ್ತು, ಕಾಲು ಬಾತಿದ್ದವು. ತನಗೆ ತವರಿನಲ್ಲಿ ತಾಯಿಯಿಲ್ಲ, ಬಾಣಂತನ ಮಾಡುವವರಿಲ್ಲ, ಅತ್ತೆಯನ್ನು ಕರೆದುಕೊಂಡು ಬರಬೇಕು ಎಂದಳು. ಅವಳು ಬಾರಳು ಎಂದ ತಾಯಣ್ಣ.

"ನೀವು ಹೋಗಿ ಕರೀರಿ. ಬರೂದು ಬಿಡೂದು ಅಕಿಗೆ ಬಿಟ್ಟದ್ದು. ಒಂದು ವರ್ಷದಾಗ ಒಮ್ಮೆರ ಹೋಗೀರೇನು?"

ಮಾನ್ವಿಯ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಮೇಲಿನ ಸಲಾಕೆ ಹಿಡಿದು ಜೋತಾಡುತ್ತ ನಿಂತವನಿಗೆ ಕಂಕುಳಲ್ಲಿ ಕೋಳಿ ಹಿಡಿದ ಮುದುಕನೊಬ್ಬ, ಎಲ್ಲಮ್ಮಗ ಹೊಂಟೀರೇನ್ರಿ ಎಂದು ಕೇಳಿದ. ಅಲ್ಲ ಎಂದು ಬೇಕಿರದಷ್ಟು ಜೋರಾಗಿ ಹೇಳಿದ ತಾಯಣ್ಣ, ಮುದುಕ ಕಕ್ಕಾಬಿಕ್ಕಿಯಾಗಿ ಕೋಳಿಯನ್ನು ಇನ್ನಷ್ಟು ಅವುಚಿಕೊಂಡದ್ದನ್ನು ನೋಡಿ ನಾಚಿದ. ಕಿಟಕಿಯಾಚೆ ಕಪ್ಪು ಹೊಲಗಳು, ಕೊಯ್ದ ಜೋಳದ ಕೂಳೆಗಳು. ಹೋಗಿ ಏನು ಹೇಳುವುದು. ಬಾ ಎನ್ನಬೇಕೆ, ತಪ್ಪಾಯಿತು ಎನ್ನಬೇಕೆ. ತಪ್ಪಾಯಿತು ಎಂದರೆ ಮಗು ಯಾಕೆ ಸತ್ತಿತು ಎಂಬ ಪ್ರಶ್ನೆ ತಿರುಗಿ ತನ್ನ ಕಡೆ ಬರುತ್ತದೆ. ಆ ದಿನ ವರಾಂಡದಿಂದ ಒಳಗೆ ಹೋದಾಗ ಡಾಕ್ಟರು ಅವನೊಬ್ಬನಿಗೇ ಹೇಳಿದ್ದರು: ದಡಾರ ಎದೆಗೆ ಇಳಿದಿತ್ತು, ಒಂದು ದಿನ ಮೊದಲು ತಂದಿದ್ದರೆ ಉಳಿಯುತ್ತಿತ್ತೋ ಇಲ್ಲವೋ ಹೇಳಲಿಕ್ಕಾಗದು, ಬೇಗ ತಂದವೂ ಹೋಗಿವೆ, ತಡವಾಗಿ ಬಂದವೂ ಉಳಿದಿವೆ. ಹೇಳಲಿಕ್ಕಾಗದು ಎಂಬ ಆ ಮಾತನ್ನು ಅವನು ಹೊರಗೆ ತರಲೇ ಇಲ್ಲ. ಅವ್ವನಿಗಿರಲಿ, ಅಮರಮ್ಮನಿಗೂ ಹೇಳಲಿಲ್ಲ. ಹೇಳಿದ್ದರೆ ಕೈಯಲ್ಲಿ ಹಿಡಿದುಕೊಳ್ಳಲು ಏನೂ ಉಳಿಯುತ್ತಿರಲಿಲ್ಲ. ಅವ್ವ ಕೊಂದಳು ಎಂಬುದನ್ನು ಹಿಡಿದುಕೊಂಡಾದರೂ ಬೆಳಗಾದರೆ ಎದ್ದು ಕಾಲೇಜಿಗೆ ಹೋಗಬಹುದಿತ್ತು.

ನೀರಮಾನ್ವಿಯಲ್ಲಿ ಪಕೀರಮ್ಮನ ಮನೆ ಎಲ್ಲಮ್ಮನ ಗುಡಿಗೆ ಹೋಗುವ ಹಾದಿಯಿಂದ ಒಳಕ್ಕಿತ್ತು. ಅವ್ವ ಶೇಂಗಾ ಬಿಡಿಸಲು ಹೋಗಿದ್ದಳು. ಚಿಕ್ಕಮ್ಮ ಅವನಿಗೆ ಚಾಪೆ ಹಾಸಿ, ಬಿಸಿ ರೊಟ್ಟಿಗೆ ಪುಂಡಿಪಲ್ಯ ಹಾಕಿಕೊಟ್ಟು, ದನಿ ಇಳಿಸಿ, ನಿಮ್ಮವ್ವ ಇಲ್ಲಿಗೆ ಬಂದ ಮೇಲೆ ಗುಡಿಯ ಕಡೆ ಹೊರಳಿ ಸಹ ನೋಡಿಲ್ಲ ಎಂದಳು. ಹುಣ್ಣಿಮೆಗೆ ಊರಿಗೆ ಊರೇ ಹೋಗುತ್ತದೆ, ಅವಳು ಕದ ಮುಚ್ಚಿಕೊಂಡು ಒಳಗೆ ಕೂರುತ್ತಾಳೆ. ಆ ದೇವರನ್ನು ಬಿಡು ಎಂದು ಎಷ್ಟು ವರ್ಷ ಅವ್ವನ ಜೊತೆ ಜಗಳವಾಡಿದ್ದ. ಊಟ ಬಿಟ್ಟಿದ್ದ, ಮಾತು ಬಿಟ್ಟಿದ್ದ, ಭಾಷಣದಲ್ಲಿ ಅವಳನ್ನೇ ಉದಾಹರಣೆಯಾಗಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದ. ಈಗ ಅವಳು ಬಿಟ್ಟಿದ್ದಾಳೆ. ಗೆದ್ದವನು ಹೀಗೆ ಮಣ್ಣಿನ ಗೋಡೆಗೆ ಒರಗಿ, ನುಂಗಲಾರದ ತುತ್ತನ್ನು ಬಾಯಲ್ಲಿಟ್ಟುಕೊಂಡು ಕೂತಿರುತ್ತಾನೆಂದು ಯಾರೂ ಅವನಿಗೆ ಹೇಳಿರಲಿಲ್ಲ.

ಗೋಪಮ್ಮ ಬಂದಳು. ಮಗನನ್ನು ಕಂಡು ಅವಳ ಹೆಜ್ಜೆ ತಡೆಯಲಿಲ್ಲ, ಚುರುಕಾಗಲೂ ಇಲ್ಲ. ಕಾಲು ತೊಳೆದು ಒಳಗೆ ಬಂದು, ಊರಿಗೆ ಬಂದ ನೆಂಟನನ್ನು ಕೇಳುವ ಹಾಗೆ, ಬಸ್ಸು ಸಿಕ್ಕಿತೇ, ಬಿಸಿಲು ಹೆಚ್ಚಿತ್ತೇ ಎಂದು ಕೇಳಿದಳು. ತಾಯಣ್ಣನಿಗೆ ಅವಳ ಅಂಗೈ ನೋಡಬೇಕೆನಿಸಿತು. ಅವಳು ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಬೋರಲಿಟ್ಟು ಕೂತಿದ್ದಳು. ಅಮರಮ್ಮನಿಗೆ ದಿನ ಹತ್ತಿರ ಬಂದಿದೆ ಎಂದ. ಗೊತ್ತದ ಎಂದಳು. ಪಡಸಾಲೆಯ ಆ ಕಲ್ಲನ್ನು ಏನು ಮಾಡುವುದೆಂದು ತಿಳಿಯುತ್ತಿಲ್ಲ, ತಿಕ್ಕಿಸಲೋ ತೆಗೆಸಲೋ ಎಂದ. ಇದನ್ನು ಕೇಳಲಿಕ್ಕೆ ಇಷ್ಟು ದೂರ ಬಂದೆನೇ ಎಂದು ಅವನಿಗೇ ಆಶ್ಚರ್ಯವಾಯಿತು. ಗೋಪಮ್ಮ ಕಲ್ಲಿನ ಮಾತು ಕೇಳಿಸಲೇ ಇಲ್ಲವೆಂಬಂತೆ ಬೇರೆ ಏನನ್ನೋ ಕೇಳಿದಳು.

"ಡಾಕ್ಟರ್ ಅವತ್ತು ಏನಂದ್ರು, ತಾಯಣ್ಣಾ? ನನ್ನಿಂದನ ಹೋತು ಅಂದ್ರೇನು?"

ಒಲೆಯ ಮುಂದೆ ಕೂತಿದ್ದ ಪಕೀರಮ್ಮ ಊದುಗೊಳವೆ ಕೆಳಗಿಟ್ಟಳು. ಇದೊಂದನ್ನು ಕೇಳಲಿಕ್ಕೆ ಅವ್ವ ಒಂದು ವರ್ಷ ಕಾದಿದ್ದಾಳೆ, ತಾನು ಬರಬಹುದೆಂದು ಕಾದಿದ್ದಾಳೆ ಎಂದು ತಾಯಣ್ಣನಿಗೆ ಹೊಳೆಯಿತು. ಡಾಕ್ಟರು ಹೇಳಿದ್ದನ್ನು ಹೇಳಿದಂತೆಯೇ ಹೇಳಬೇಕು. ಹೇಳಲಿಕ್ಕಾಗದು ಎಂದರು ಎಂದೇ ಹೇಳಬೇಕು. ಆದರೆ ಆ ಮುಖದ ಎದುರು ಹಾಗೆ ಹೇಳುವುದು ಅವಳ ತಪ್ಪನ್ನು ತಕ್ಕಡಿಯಲ್ಲಿ ತೂಗಿದ ಹಾಗಾಗುತ್ತದೆ.

"ನಿನ್ನಿಂದಲ್ಲ ಅಂದ್ರು ಯವ್ವಾ."

"ಯಾವಾಗ ಅಂದ್ರು?"

"ಅವತ್ತ."

ಗೋಪಮ್ಮ ತಲೆ ಆಡಿಸಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. "ಅವತ್ತ ಅಂದಿದ್ರ ಅವತ್ತ ಹೇಳ್ತಿದ್ದಿ," ಎಂದಳು, ಅವನಿಗಲ್ಲ, ನೆಲಕ್ಕೆ. ಸುಳ್ಳು ಹೇಳಿದ ಎಂದುಕೊಂಡಳೋ, ನಿಜವನ್ನು ಇಷ್ಟು ದಿನ ಮುಚ್ಚಿಟ್ಟ ಎಂದುಕೊಂಡಳೋ. ಎರಡರಲ್ಲಿ ಯಾವುದು ತನಗೆ ಕಡಿಮೆ ಕೇಡಿನದೆಂದು ಲೆಕ್ಕ ಹಾಕುತ್ತಿರುವ ತನ್ನ ಮನಸ್ಸನ್ನು ಕಂಡು ತಾಯಣ್ಣನಿಗೆ ಅಸಹ್ಯವಾಯಿತು. ಹೊರಡುವಾಗ ಅವಳು ಅಂಗಳದ ತನಕ ಬಂದು, ಅಮರಮ್ಮನಿಗೆ ಕಾಲು ಬಾತಿವೆಯೇ ಎಂದು ಕೇಳಿದಳು. ಹೌದೆಂದ. ಹಂಗಾರ ನಾಕು ದಿನ ಬಿಟ್ಟು ಬರ್ತೀನಿ ಎಂದಳು.

ಅವನು ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಸತ್ತಾರ್ ಸಾಬ್ ಕಟ್ಟೆಯ ಮೇಲೆ ಚೀಲ ಪಕ್ಕಕ್ಕಿಟ್ಟುಕೊಂಡು ಇವನ ಹಾದಿ ಕಾಯುತ್ತಿದ್ದ. ಒಳಗೆ ಅಮ್ಮಾವ್ರು ಕಲ್ಲಿನ ಮೇಲೆ ಕೂತುಬಿಟ್ಟರು, ಏಳಿ ಎನ್ನಲು ತನಗೆ ಬಾಯಿ ಬರಲಿಲ್ಲ ಎಂದ. ತಾಯಣ್ಣ ಒಳಗೆ ಹೋದ. ಪಡಸಾಲೆ ತುಂಬ ಬಿಳಿ ರಾಡಿ. ತಿಕ್ಕಿದ ಕಲ್ಲಿನ ನೀರು ಹರಿದು ಬಚ್ಚಲಿನ ತನಕ ಹೋಗಿತ್ತು. ಬಿಳಿಯೊಳಗೆ ಸಣ್ಣದಾಗಿ ಹಳದಿ. ವರ್ಷದಿಂದ ಈ ಕೋಣೆಗೆ ಕಾಲಿಡದವಳು ಎಂದು ಅವನು ತಿಳಿದಿದ್ದ ಅಮರಮ್ಮ ನಡುವೆ ಕಾಲು ನೀಡಿ ಕೂತಿದ್ದಳು. ಸೀರೆಯೆಲ್ಲ ಒದ್ದೆ. ಅರ್ಧ ಕಲ್ಲು ತೆಳುವಾಗಿತ್ತು, ಇನ್ನರ್ಧ ಹಾಗೇ ಇತ್ತು. ಅವನು ಏನು ಇದು ಎನ್ನುವಷ್ಟರಲ್ಲಿ ಅವಳೇ ಮಾತಾಡಿದಳು. ಬಹಳ ಮೆಲ್ಲಗೆ, ಕೂಸು ಮಲಗಿದ ಮನೆಯಲ್ಲಿ ಮಾತಾಡುವ ಹಾಗೆ.

"ನೀವು ಕಾಲೇಜಿಗೆ ಹೋದ ಮ್ಯಾಲ ದಿನಾ ಒರಸ್ತೀನ್ರಿ ಇದನ್ನ. ತಲಿ ಯಾವ ಕಡಿ ಇತ್ತು, ಕಾಲು ಯಾವ ಕಡಿ ಇದ್ವು, ಎಲ್ಲ ನನ್ನ ಕೈಗೆ ಗೊತ್ತದ. ನಿಮಗ ಗೊತ್ತದೇನು?"

ಅವನಿಗೆ ಗೊತ್ತಿರಲಿಲ್ಲ. ಕಲೆಯನ್ನು ಎಷ್ಟು ಸಲ ನೋಡಿಲ್ಲ, ಮುಖ ತಿರುಗಿಸಿಲ್ಲ. ಮಗಳ ತಲೆ ಕಿಟಕಿಯ ಕಡೆಗಿತ್ತೋ ಬಾಗಿಲ ಕಡೆಗಿತ್ತೋ ಎಂದು ನೆನೆಯಲು ಹೋದರೆ ಕಣ್ಣಿಗೆ ಬರುವುದು ತಿರುಗುತ್ತಿದ್ದ ಹಿತ್ತಾಳೆ ತಟ್ಟೆಯೊಂದೇ. ಅವಳು ಎರಡು ಅಂಗೈಗಳಲ್ಲಿ ರಾಡಿಯನ್ನು ಬಾಚಿ ಬಾಚಿ ಕಲ್ಲಿನ ಕಡೆಗೆ ಎಳೆಯುತ್ತಿದ್ದಳು; ಅದು ಬೆರಳ ಸಂದಿನಿಂದ ಇಳಿದು ಮತ್ತೆ ಬಚ್ಚಲಿನ ಕಡೆಗೇ ಹರಿಯುತ್ತಿತ್ತು. ಹಾಗಾದರೆ ಹಾಗೇ ಇರಲಿ, ಯಾರೂ ಮುಟ್ಟುವುದು ಬೇಡ ಎಂದ ತಾಯಣ್ಣ, ಅವಳ ಪಕ್ಕ ಕುಸಿದು ಕೂತು. ಇರಲಿ ಎನ್ನಲು ನಿಮಗೇನು, ಒರೆಸುವವಳು ನಾನು ಎಂದಳು. ಇನ್ನು ತನ್ನಿಂದ ಆಗದು. ಬರುವ ಕೂಸನ್ನು ಎತ್ತಿಕೊಂಡು ದಿನಾ ಇದನ್ನು ದಾಟಲಾರೆ, ಇದರ ಮೇಲೆ ಮಲಗಿಸಲಾರೆ. ಆದರೆ ತಿಕ್ಕುವುದು ಬೇಡ. ತಿಕ್ಕಿದರೆ ಎಲ್ಲ ನೀರಾಗಿ ಮೋರಿಗೆ ಹೋಗುತ್ತದೆ. "ಕಿತ್ತು ತಗಸ್ರಿ. ಎತ್ತಿ ಹೊರಗ ಇಡಲಿ. ಇಟ್ಟದ್ದು ಕಣ್ಣಿಗೆ ಕಂಡ್ರ ಸಾಕು." ಅವಳನ್ನು ಎಬ್ಬಿಸಲು ಹೋದಾಗ ಇಬ್ಬರೂ ರಾಡಿಯಲ್ಲಿ ಜಾರಿದರು. ಸತ್ತಾರ್ ಸಾಬ್ ಒಳಗೆ ಬಂದು, ತಲೆ ಬಗ್ಗಿಸಿಕೊಂಡು, ಇನ್ನೊಂದು ತೋಳಿಗೆ ಆಸರೆ ಕೊಟ್ಟ.

ಕಲ್ಲನ್ನು ಇಡಿಯಾಗಿ ಎತ್ತಲು ಸತ್ತಾರ್ ಸಾಬ್ ಮರುದಿನ ಬಹಳ ತಾಳ್ಮೆಯಿಂದ ಪ್ರಯತ್ನಪಟ್ಟ. ಸುತ್ತಲಿನ ಸಂದುಗಳನ್ನು ಉಳಿಯಿಂದ ಬಿಡಿಸಿ, ಅಡಿಗೆ ಸಲಾಕೆ ಕೊಟ್ಟು ಮೀಟಿದರೂ ಬೆಂಕಿ ತಾಗಿದ ಬಿರುಕು ತನ್ನ ಹಾದಿ ಹಿಡಿಯಿತು, ಕಲ್ಲು ಎರಡಾಯಿತು. ಹೋಳುಗಳನ್ನು ಅವನೂ ತಾಯಣ್ಣನೂ ಹೊತ್ತು ಹಿತ್ತಿಲ ಗೋಡೆಗೆ ಆನಿಸಿದರು. ಹೊಸ ಕಲ್ಲು ಬಂದು ಕೂತಿತು. ಹೇಳಿದ್ದ ಹಾಗೇ ಅದು ಬೇರೆಯಾಗಿ ಕಂಡಿತು. ಉಳಿದವು ಹಾಲಿನ ಬಿಳುಪಾದರೆ ಇದು ಸುಣ್ಣದ ಬಿಳುಪು. ಕಲೆ ಇದ್ದಾಗ ಒಳಗೆ ಬಾರದಿದ್ದ ಮಂದಿ ಈಗ ಬಂದರು. ಕಾಲೇಜಿನಿಂದ ಬಂದ ಶರಣಯ್ಯ ಮಾಸ್ತರು ಕೂತ ಕೂಡಲೇ, ಇದೊಂದು ಯಾಕೆ ಹೊಸದು ಎಂದು ಕೇಳಿದರು. ಒಡೆದಿತ್ತು ಎಂದ ತಾಯಣ್ಣ. ಅದೂ ಸುಳ್ಳಲ್ಲ. ಗೋಪಮ್ಮ ಹೇಳಿದ ಮಾತಿನಂತೆ ಬಂದಳು. ಹೊಸ ಕಲ್ಲನ್ನು ನೋಡಿದಳು, ಗೋಡೆಯ ಬದಿಯಿಂದ ಹಾದು ಒಳಗೆ ಹೋದಳು. ಹೆಣ್ಣು ಹುಟ್ಟಿತು. ಅತ್ತೆ ಸೊಸೆ ಒಂದೇ ಕೋಣೆಯಲ್ಲಿ ಮಲಗಿದರು, ತಗ್ಗಿದ ದನಿಯಲ್ಲಿ ಮಾತಾಡಿದರು. ಕೂಸಿಗೆ ಎಣ್ಣೆ ಹಚ್ಚುವುದು, ಎರೆಯುವುದು, ಸಾಮ್ರಾಣಿ ಹೊಗೆ ಹಿಡಿಯುವುದು ಎಲ್ಲ ಗೋಪಮ್ಮನ ಕೈಯಿಂದಲೇ. ಅಮರಮ್ಮ ಪಡಸಾಲೆಗೆ ಬಂದು ಕೂರತೊಡಗಿದಳು. ತಾಯಣ್ಣನಿಗೆ ಒಮ್ಮೊಮ್ಮೆ, ಇಷ್ಟೇ ಇತ್ತೇನೋ, ಒಂದು ಕಲ್ಲು ತೆಗೆಯಲಿಕ್ಕೆ ತಾನು ಇಷ್ಟು ದಿನ ತೆಗೆದುಕೊಂಡೆನೇನೋ ಅನಿಸಿ, ಹಾಗೆ ಅನಿಸಿದ್ದಕ್ಕೇ ಹೆದರಿಕೆಯಾಗುತ್ತಿತ್ತು.

ಕೂಸು ಕತ್ತು ನಿಲ್ಲಿಸುವ ಹೊತ್ತಿನಲ್ಲಿ, ಒಂದು ಮುಂಜಾನೆ, ಅವನು ಪಡಸಾಲೆಯಲ್ಲಿ ಪೇಪರು ಓದುತ್ತಿದ್ದಾಗ ಗೋಪಮ್ಮ ಬಂದು ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಅವನ ಮಡಿಲಿಗೆ ಇಟ್ಟಳು. ಎರೆದಿರಲಿಲ್ಲ. ಮೈ ಬಿಸಿ ಅದ, ದವಾಖಾನಿಗೆ ಒಯ್ಯಿ ಎಂದಳು. ಯಾವಾಗಿನಿಂದ ಎಂದು ಅವನು ಕೇಳುವಷ್ಟರಲ್ಲಿ ಹೊರಗೆ ಹೋಗಿ ಕಟ್ಟೆಯ ತುದಿಯಲ್ಲಿ ಬೆನ್ನು ಮಾಡಿ ಕೂತಿದ್ದಳು. ಕೂಸು ಚೀರತೊಡಗಿತು. ಅವನ ಕೈಗೆ ಅದನ್ನು ಹೇಗೆ ಹಿಡಿಯುವುದೆಂದು ತಿಳಿಯಲಿಲ್ಲ. ಕತ್ತು ಒಂದು ಕಡೆ ಜಾರುತ್ತಿತ್ತು, ಬಟ್ಟೆ ಇನ್ನೊಂದು ಕಡೆ. ಅದರ ಬಿಸಿ ಅಂಗಿಯ ಮೂಲಕ ಅವನ ಹೊಟ್ಟೆಗೆ ತಾಗಿತು. ಅಮರಮ್ಮ ಬಚ್ಚಲಲ್ಲಿದ್ದಳು. ಅವನು ಎದ್ದು ಬಾಗಿಲಿಗೆ ಬಂದು, ಯವ್ವಾ, ಒಂಚೂರು ಹಿಡಕೋ, ಚಪ್ಪಲಿ ಮೆಟ್ಟಿಕೊಳ್ಳುತ್ತೇನೆ ಎಂದ. ಅವಳು ತಿರುಗಲಿಲ್ಲ.

"ಮೈ ಕಾದ ಕೂಸನ್ನ ನಾ ಮುಟ್ಟಂಗಿಲ್ಲ ಯಪ್ಪಾ. ಆರಿದ ಮ್ಯಾಲ ಕೊಡು."

ಅದರಲ್ಲಿ ಸಿಟ್ಟಿರಲಿಲ್ಲ. ಉಪ್ಪು ಗಡಿಗೆಯಲ್ಲಿದೆ ಎಂದು ಹೇಳುವಷ್ಟು ಸಾದಾ ದನಿ. ತಾಯಣ್ಣ ಚೀರುವ ಮಗುವನ್ನು ಎದೆಗೊತ್ತಿಕೊಂಡು ಅವಳ ಮುಂದೆ ಹೋಗಿ ನಿಂತ. ಆ ದಿನ ಡಾಕ್ಟರು ಅಂದದ್ದನ್ನೆಲ್ಲ ಹೇಳಿದ. ಹೇಳಲಿಕ್ಕಾಗದು ಎಂದದ್ದನ್ನು, ತಾನು ಮುಚ್ಚಿಟ್ಟದ್ದನ್ನು, ನೀರಮಾನ್ವಿಯಲ್ಲಿ ತಿರುಚಿದ್ದನ್ನು. ಮಾತು ತೊದಲುತ್ತಿತ್ತು, ಕೂಸಿನ ಅಳುವಿನಲ್ಲಿ ಅರ್ಧ ಅವನಿಗೇ ಕೇಳಿಸಲಿಲ್ಲ. ಗೋಪಮ್ಮ ಎಲ್ಲ ಕೇಳಿಸಿಕೊಂಡಳು. ಅವಳ ಕಣ್ಣು ಮಗುವಿನ ಮೇಲಿಂದ ಸರಿಯಲಿಲ್ಲ. ಕೊನೆಗೆ, ಬಿಸಿಲಿಗೆ ಹಿಡಿಯಬೇಡ, ನೆರಳಿಗೆ ತಾ ಎಂದಳು ಅಷ್ಟೆ.

ಟಾಂಗಾ ತರಿಸಿ ಮೂವರೂ ಹೋದರು. ಬಾ ಎಂದು ಅವನು ಕರೆದಿರಲಿಲ್ಲ. ಕೂಸಿನ ಬಟ್ಟೆಯ ಚೀಲ ಹಿಡಿದು ಗೋಪಮ್ಮ ತಾನೇ ಹತ್ತಿ ಹಿಂದೆ ಕೂತಿದ್ದಳು. ದವಾಖಾನೆಯಲ್ಲಿ ಅವಳು ವರಾಂಡ ದಾಟಿ ಒಳಗೆ ಬರಲಿಲ್ಲ. ಡಾಕ್ಟರು ಬೇರೆಯವರು, ಚಿಕ್ಕ ವಯಸ್ಸಿನವರು; ನಾಲಗೆ ನೋಡಿ, ಎದೆ ನೋಡಿ, ಹವಾ ಬದಲಾಗಿದೆ, ಹೆದರುವಂಥದ್ದಲ್ಲ, ನಾಳೆಗೆ ಇಳಿಯುತ್ತದೆ ಎಂದು ಒಂದು ಔಷಧಿ ಬರೆದುಕೊಟ್ಟರು. ಹೊರಗೆ ಬಂದು ತಾಯಣ್ಣ ಅದನ್ನೇ, ಒಂದಕ್ಷರ ಬಿಡದೆ, ಅವ್ವನಿಗೆ ಹೇಳಿದ. ಅವಳು ಆಗಲಿ ಎಂದಳು. ಮರಳುವಾಗ ಅಮರಮ್ಮ ಮಗುವಿಗೆ ಹಾಲು ಕೊಟ್ಟು, ನಿತ್ರಾಣವಾಗಿ ತಲೆ ಒರಗಿಸಿ ಕಣ್ಣು ಮುಚ್ಚಿದ್ದಳು. ಅವಳ ಮಡಿಲಲ್ಲಿದ್ದ ಕೂಸು ಬಟ್ಟೆಯೊಳಗಿನಿಂದ ಒಂದು ಕೈ ಹೊರಗೆ ಹಾಕಿ, ಗಾಳಿಯಲ್ಲಿ ತಡಕಾಡಿ, ಪಕ್ಕದಲ್ಲಿದ್ದ ಅಜ್ಜಿಯ ಸೆರಗನ್ನು ಹಿಡಿಯಿತು. ಗೋಪಮ್ಮ ಅದನ್ನು ನೋಡಿದಳು. ಬಿಡಿಸಿಕೊಳ್ಳಲಿಲ್ಲ, ಕೈ ಚಾಚಲೂ ಇಲ್ಲ. ತನ್ನ ಎರಡೂ ಕೈಗಳನ್ನು ತೊಡೆಯ ಅಡಿಗೆ ಸೇರಿಸಿ, ಅವುಗಳ ಮೇಲೆ ಭಾರ ಹಾಕಿ ಕೂತಳು. ಗುಂಡಿ ಬಂದಾಗ ಟಾಂಗಾ ಜೋಲಿ ಹೊಡೆಯುತ್ತಿತ್ತು. ಅವಳು ಯಾವುದನ್ನೂ ಹಿಡಿದುಕೊಳ್ಳಲಿಲ್ಲ. ಮನೆಯ ಮುಂದೆ ಕುದುರೆ ನಿಂತಿತು. ತಾಯಣ್ಣ ಇಳಿದ. ಆಮೇಲೆ ಇಳಿಯಬೇಕಾದವಳು ಅವ್ವ. ಇಳಿದರೆ ಕೂಸಿನ ಹಿಡಿತ ಬಿಡಿಸಬೇಕು. ಬಿಡಿಸಬೇಕಾದರೆ ಅದನ್ನು ಮುಟ್ಟಬೇಕು. ಅವಳು ಕೂತೇ ಇದ್ದಳು, ಮುಖ ಮೇಲೆತ್ತಿ, ಯಾರಾದರೂ ಬಂದು ಬಿಡಿಸಲಿ ಎಂದು ಮಗನ ಕಡೆ ನೋಡುತ್ತ. ಟಾಂಗಾದವನು ಇಳಿರಿ ಯವ್ವಾ ಎಂದ. ತಾಯಣ್ಣ ಹತ್ತಿರ ಹೋದ. ಸೆರಗಿನಲ್ಲಿ ಬಿಗಿದುಕೊಂಡಿದ್ದ ಆ ಬೆರಳುಗಳ ತನಕ ಅವನ ಕೈ ಹೋಯಿತು, ಮತ್ತು ಅಲ್ಲೇ ನಿಂತಿತು.